ಇಂಗ್ಲಿಷ್ ತರಗತಿಯಲ್ಲಿ ಕವಿತೆ: ನೂರು ವರ್ಷಗಳ ಒಂದು ತಕರಾರು

ಇಂಗ್ಲಿಷ್ ಸಾಹಿತ್ಯ ಓದುವ ವಿದ್ಯಾರ್ಥಿಗಳನ್ನು ಯಾವ ಪತ್ರಿಕೆ ಕಷ್ಟ ಎಂದು ಕೇಳಿ ನೋಡಿ. ಬಹಳ ಮಂದಿ ಕವಿತೆಯ ಹೆಸರನ್ನೇ ಹೇಳುತ್ತಾರೆ. ಕಾದಂಬರಿ ಎಷ್ಟೇ ದಪ್ಪಗಿದ್ದರೂ ಅದಕ್ಕೊಂದು ಕತೆಯಿದೆ. ನಾಟಕದಲ್ಲಿ ಯಾರೋ ಯಾರೊಂದಿಗೋ ಜಗಳವಾಡುತ್ತಾರೆ. ಕವಿತೆ ಹದಿನಾಲ್ಕೇ ಸಾಲಿದ್ದರೂ ಎಲ್ಲಿಂದ ಹಿಡಿಯಬೇಕೆಂಬುದೇ ತಿಳಿಯುವುದಿಲ್ಲ. ಇದಕ್ಕೆ ವಿದ್ಯಾರ್ಥಿಗಳು ಕೊಡುವ ಕಾರಣ ಸಾಮಾನ್ಯವಾಗಿ ಒಂದೇ: ‘ನಮ್ಮ ಇಂಗ್ಲಿಷ್ ಅಷ್ಟಕ್ಕಷ್ಟೇ ಸಾರ್.’ ಅನೇಕ ಮೇಷ್ಟ್ರುಗಳೂ ಅದನ್ನು ಒಪ್ಪಿಕೊಂಡು ಸಾರಾಂಶ ಬರೆಸಿ ಮುಂದಿನ ಪಾಠಕ್ಕೆ ಹೋಗುತ್ತಾರೆ.

ಈ ಕಾರಣದಲ್ಲಿ ಎಷ್ಟು ನಿಜವಿದೆ? ಕವಿತೆಯನ್ನು ವಿಶ್ಲೇಷಿಸುವುದೆಂದರೆ ಅಸಲಿಗೆ ಏನು ಮಾಡುವುದು? ಇಂಗ್ಲಿಷ್ ವಿಭಾಗಗಳು ಕಳೆದ ನೂರು ವರ್ಷಗಳಲ್ಲಿ ಈ ಪ್ರಶ್ನೆಗೆ ಕೊಟ್ಟಿರುವ ಉತ್ತರಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಒಬ್ಬರು ಕವಿಯನ್ನು ಮರೆಯಿರಿ ಎಂದರು, ಇನ್ನೊಬ್ಬರು ಕವಿಯ ಕಾಲವನ್ನು ಮರೆತರೆ ಮೋಸ ಎಂದರು, ಮತ್ತೊಬ್ಬರು ಅರ್ಥವಿರುವುದು ಓದುಗನಲ್ಲಿ ಎಂದರು. ಇವನ್ನೆಲ್ಲ ಸಾಲಾಗಿ ಇಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಕವಿತೆ ಕೈಗೆ ಸಿಗದಿರುವುದಕ್ಕೆ ಭಾಷೆಯ ಬಡತನಕ್ಕಿಂತ ಅವಸರವೇ ದೊಡ್ಡ ಕಾರಣ. ಇಂಗ್ಲಿಷನ್ನು ಕಲಿತು ಓದುವವನಿಗೆ, ಅದನ್ನು ಮನೆಮಾತಾಗಿ ಪಡೆದವನಿಗಿಲ್ಲದ ಒಂದು ಅನುಕೂಲವೂ ಇಲ್ಲಿದೆ.

ಮೊದಲು ಇಲ್ಲಿ, ಆಮೇಲೆ ಅಲ್ಲಿ

ಇಂಗ್ಲಿಷ್ ಸಾಹಿತ್ಯವೆಂಬುದು ಇಂಗ್ಲೆಂಡಿನಲ್ಲಿ ಬೆಳೆದು ಪಕ್ವವಾಗಿ ನಮ್ಮಲ್ಲಿಗೆ ಬಂದ ವಿಷಯ ಎಂಬ ನಂಬಿಕೆಯಿದೆ. ಚರಿತ್ರೆ ಹೇಳುವುದು ಬೇರೆ. 1835ರಲ್ಲಿ ಇಲ್ಲಿ ಇಂಗ್ಲಿಷ್ ಶಿಕ್ಷಣ ಬೇಕೆಂದ ಮೆಕಾಲೆಯ ಟಿಪ್ಪಣಿ ಬಂತು. 1857ರಲ್ಲಿ ಕಲ್ಕತ್ತಾ, ಬೊಂಬಾಯಿ, ಮದರಾಸು ವಿಶ್ವವಿದ್ಯಾಲಯಗಳು ಶುರುವಾದವು. ಇಲ್ಲಿನ ಹುಡುಗರು ಶೇಕ್ಸ್‌ಪಿಯರ್, ಮಿಲ್ಟನ್ ಓದಿ ಪರೀಕ್ಷೆ ಬರೆಯುತ್ತಿದ್ದ ಕಾಲದಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ಗಳಲ್ಲಿ ಗೌರವವಿದ್ದದ್ದು ಗ್ರೀಕ್, ಲ್ಯಾಟಿನ್‌ಗಳಿಗೆ. ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷ್ ಪದವಿ ವಿಷಯವಾದದ್ದು 1890ರ ದಶಕದಲ್ಲಿ. ಕೇಂಬ್ರಿಡ್ಜಿನಲ್ಲಿ ಅದು ತನ್ನ ಕಾಲ ಮೇಲೆ ನಿಂತದ್ದು 1917ರಲ್ಲಿ. ಗೌರಿ ವಿಶ್ವನಾಥನ್ 1989ರಲ್ಲಿ ಪ್ರಕಟಿಸಿದ ‘ಮಾಸ್ಕ್ಸ್ ಆಫ್ ಕಾಂಕ್ವೆಸ್ಟ್’ ಈ ಕತೆಯನ್ನು ವಿವರವಾಗಿ ಬಿಚ್ಚಿಟ್ಟಿತು. ಧರ್ಮಬೋಧೆ ಮಾಡಲು ಹಿಂಜರಿದ ಆಡಳಿತ ಸಾಹಿತ್ಯದ ಮೂಲಕ ನೀತಿಬೋಧೆ ಮಾಡಲು ಹೊರಟಿತ್ತು ಎಂಬುದು ಅವರ ವಾದ.

ಆ ಕಾಲದ ಕವಿತಾಪಾಠದ ಸ್ವರೂಪ ಈ ಉದ್ದೇಶಕ್ಕೆ ಸರಿಯಾಗಿಯೇ ಇತ್ತು: ಕವಿಯ ಜೀವನ, ಕಠಿಣ ಪದಗಳ ಅರ್ಥ, ಪದ್ಯದ ಭಾವಾರ್ಥ, ಕೊನೆಗೊಂದು ನೀತಿ. ನಮ್ಮ ಗೈಡುಗಳು ಇವತ್ತಿಗೂ ಈ ನಾಲ್ಕು ಮೆಟ್ಟಿಲುಗಳನ್ನು ಬಿಟ್ಟಿಲ್ಲ.

ಹೀಗೆ ಬಂದ ಪಾಠ ಎಲ್ಲೆಡೆಯೂ ಗಿಳಿಪಾಠವಾಗಲಿಲ್ಲ ಎಂಬುದನ್ನೂ ಹೇಳಬೇಕು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಬಿ.ಎಂ. ಶ್ರೀಕಂಠಯ್ಯನವರು, ಪಾಲ್‌ಗ್ರೇವ್ 1861ರಲ್ಲಿ ಸಂಪಾದಿಸಿದ ‘ಗೋಲ್ಡನ್ ಟ್ರೆಜರಿ’ಯಂಥ ಸಂಕಲನಗಳಿಂದ ಪದ್ಯಗಳನ್ನೆತ್ತಿ ‘ಇಂಗ್ಲಿಷ್ ಗೀತಗಳು’ ಕೊಟ್ಟರು. ಕನ್ನಡದ ನವೋದಯ ಕಾವ್ಯಕ್ಕೆ ಅದು ದಾರಿ ತೆರೆಯಿತು. ಮುಂದೆ ಗೋಕಾಕ್, ಅಡಿಗ, ರಾಮಾನುಜನ್, ಕುರ್ತಕೋಟಿ, ಅನಂತಮೂರ್ತಿ, ಲಂಕೇಶ್ ಎಲ್ಲರೂ ಇಂಗ್ಲಿಷ್ ಮೇಷ್ಟ್ರುಗಳೇ. ಇಂಗ್ಲಿಷ್ ಕವಿತೆಯನ್ನು ಹೇಗೆ ಓದಬೇಕೆಂಬ ಪ್ರಶ್ನೆ ಕನ್ನಡಕ್ಕೆ ಹೊರಗಿನದಾಗಿ ಉಳಿಯಲಿಲ್ಲ.

ಹೆಸರು ಅಳಿಸಿದ ಹದಿಮೂರು ಕವಿತೆಗಳು

ಹಳೆಯ ಪಾಠಕ್ರಮಕ್ಕೆ ಮೊದಲ ದೊಡ್ಡ ಪೆಟ್ಟು ಕೊಟ್ಟವನು ಕೇಂಬ್ರಿಡ್ಜಿನ ಐ.ಎ. ರಿಚರ್ಡ್ಸ್. ಅವನು ಮಾಡಿದ್ದು ಸರಳವಾದ ಪ್ರಯೋಗ. ಕವಿಯ ಹೆಸರನ್ನು ಅಳಿಸಿ ಪದ್ಯಗಳನ್ನು ಅಚ್ಚು ಹಾಕಿಸಿ ವಿದ್ಯಾರ್ಥಿಗಳಿಗೆ ಹಂಚಿದ. ಒಂದು ವಾರ ಮನೆಯಲ್ಲಿಟ್ಟುಕೊಂಡು ಓದಿ, ತೋಚಿದ್ದನ್ನು ಬರೆದುಕೊಡಿ ಎಂದ. ಬಂದ ಬರಹಗಳನ್ನು ವಿಂಗಡಿಸಿ 1929ರಲ್ಲಿ ‘ಪ್ರಾಕ್ಟಿಕಲ್ ಕ್ರಿಟಿಸಿಸಂ’ ಪ್ರಕಟಿಸಿದ. ಕನ್ನಡದಲ್ಲಿ ನಾವು ‘ಪ್ರಾಯೋಗಿಕ ವಿಮರ್ಶೆ’ ಎನ್ನುವುದರ ಮೂಲ ಈ ಪುಸ್ತಕ.

ಫಲಿತಾಂಶ ಮುಜುಗರ ತರುವಂತಿತ್ತು. ಬರೆದವರಲ್ಲಿ ಹೆಚ್ಚಿನವರು ಇಂಗ್ಲಿಷನ್ನೇ ವಿಶೇಷವಾಗಿ ಓದುತ್ತಿದ್ದವರು, ಇಂಗ್ಲಿಷ್ ಮನೆಮಾತಿನವರು. ಜಾನ್ ಡನ್, ಹಾಪ್ಕಿನ್ಸ್‌ರಂಥವರ ಪದ್ಯಗಳ ಮುಂದೆ ಅವರಲ್ಲಿ ಅನೇಕರು ತಬ್ಬಿಬ್ಬಾದರು. ಒಂದು ಕಾಲದಲ್ಲಿ ಮನೆಮನೆಯ ಕವಿಯಾಗಿದ್ದ ಲಾಂಗ್‌ಫೆಲೋನ ಪದ್ಯ ಹದಿಮೂರರಲ್ಲೂ ಹೆಚ್ಚು ತಿರಸ್ಕಾರಕ್ಕೆ ಗುರಿಯಾಯಿತು. ಹೆಸರಿನ ಊರುಗೋಲು ಕಿತ್ತುಕೊಂಡ ಕೂಡಲೇ ಅಭಿರುಚಿ ತತ್ತರಿಸಿತು.

ಓದುಗರು ಎಡವುವ ಹತ್ತು ಜಾಗಗಳನ್ನು ರಿಚರ್ಡ್ಸ್ ಪಟ್ಟಿಮಾಡಿದ. ಪಟ್ಟಿಯಲ್ಲಿ ಮೊದಲನೆಯದು ಬಹಳ ಸಾದಾ ಸಂಗತಿ: ನೇರ ಅರ್ಥ. ವಾಕ್ಯದ ಕರ್ತೃ ಯಾರು, ಕ್ರಿಯಾಪದ ಎಲ್ಲಿದೆ, ಸರ್ವನಾಮ ಯಾರನ್ನು ಸೂಚಿಸುತ್ತದೆ ಎಂಬುದನ್ನೇ ನೋಡದೆ ಅವರು ಕವಿತೆಯ ಭಾವದ ಬಗ್ಗೆ ಪುಟಗಟ್ಟಲೆ ಬರೆದಿದ್ದರು. ಆಮೇಲಿನವು: ಪದ್ಯಕ್ಕೆ ಸಂಬಂಧವಿಲ್ಲದ ಸ್ವಂತ ನೆನಪುಗಳು ನುಗ್ಗುವುದು, ಸಾವು ಎಂದೊಡನೆ ದುಃಖ, ಮಗು ಎಂದೊಡನೆ ಮುಗ್ಧತೆ ಎಂಬಂಥ ಸಿದ್ಧ ಪ್ರತಿಕ್ರಿಯೆಗಳು, ಅತಿಭಾವುಕತೆ, ಸ್ವಂತ ಮತನಂಬಿಕೆಗಳ ಅಡ್ಡಿ, ಪ್ರಾಸವಿಲ್ಲದಿದ್ದರೆ ಕವಿತೆಯೇ ಅಲ್ಲ ಎಂಬ ಬಗೆಯ ಪೂರ್ವಗ್ರಹ.

ನಮ್ಮ ವಿದ್ಯಾರ್ಥಿ ಗಮನಿಸಬೇಕಾದದ್ದು ಇದನ್ನು. ಭಾಷೆ ಚೆನ್ನಾಗಿ ಬರುತ್ತದೆಂಬ ಭರವಸೆಯೇ ಅವರನ್ನು ಕೆಡಿಸಿತ್ತು. ಪದಗಳೆಲ್ಲ ಪರಿಚಿತವಾಗಿದ್ದರಿಂದ ವಾಕ್ಯವನ್ನು ಬಿಡಿಸಿ ನೋಡುವ ಶ್ರಮ ತೆಗೆದುಕೊಳ್ಳಲಿಲ್ಲ. ನಿಘಂಟು ಪಕ್ಕದಲ್ಲಿಟ್ಟುಕೊಂಡು, ಕ್ರಿಯಾಪದವನ್ನು ಹುಡುಕುತ್ತಾ, ಒಂದು ಸಾಲಿಗೆ ಐದು ನಿಮಿಷ ತೆಗೆದುಕೊಳ್ಳುವ ತುಮಕೂರಿನ ಹುಡುಗಿ ರಿಚರ್ಡ್ಸ್ ಬಯಸಿದ ಕೆಲಸವನ್ನೇ ಮಾಡುತ್ತಿರುತ್ತಾಳೆ. ಅವಳ ನಿಧಾನವನ್ನು ದೌರ್ಬಲ್ಯವೆಂದು ಕರೆದು, ಕೈಗೆ ಸಾರಾಂಶ ಕೊಟ್ಟು ಆ ಕೆಲಸದಿಂದ ಬಿಡಿಸುವವರು ನಾವು.

ಈ ಮಾತು ನಮ್ಮ ಅಲಂಕಾರಶಾಸ್ತ್ರಕ್ಕೆ ಹೊಸದಲ್ಲ. ಒಂಬತ್ತನೆಯ ಶತಮಾನದ ಆನಂದವರ್ಧನ ಧ್ವನಿಯೇ ಕಾವ್ಯದ ಆತ್ಮವೆಂದವನು. ಅವನೇ ವಾಚ್ಯಾರ್ಥವನ್ನು ಉದಾಸೀನ ಮಾಡಬೇಡಿ ಎಂದೂ ಹೇಳಿದ. ಬೆಳಕು ಬೇಕಾದವನು ದೀಪದ ಕುಡಿಯನ್ನು ಜೋಪಾನ ಮಾಡುವಂತೆ, ವ್ಯಂಗ್ಯಾರ್ಥ ಬೇಕಾದವನು ವಾಚ್ಯಾರ್ಥವನ್ನು ಜೋಪಾನ ಮಾಡಬೇಕೆಂಬುದು ಅವನ ಹೋಲಿಕೆ. ಸಾವಿರ ವರ್ಷಗಳ ಅಂತರದ ಈ ಇಬ್ಬರೂ ಓದುಗನಿಗೆ ತೋರಿಸುವ ಮೊದಲ ಮೆಟ್ಟಿಲು ಒಂದೇ.

ಪುಟದ ಮೇಲಿನ ಪದಗಳು, ಅಷ್ಟೇ

ರಿಚರ್ಡ್ಸ್‌ನ ಶಿಷ್ಯ ವಿಲಿಯಂ ಎಂಪ್ಸನ್ ಮೊದಲು ಗಣಿತ ಓದಿದವನು. 1930ರಲ್ಲಿ, ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ‘ಸೆವೆನ್ ಟೈಪ್ಸ್ ಆಫ್ ಆಂಬಿಗ್ಯುಯಿಟಿ’ ಬರೆದ. ಒಂದು ಪದಕ್ಕೆ ಎರಡು ಮೂರು ಅರ್ಥಗಳು ಒಟ್ಟಿಗೇ ಕೆಲಸ ಮಾಡುತ್ತಿದ್ದರೆ ಒಂದನ್ನು ಆರಿಸಿ ಉಳಿದದ್ದನ್ನು ಎಸೆಯಬೇಡಿ, ಅವುಗಳ ಜಗಳದಲ್ಲೇ ಕವಿತೆಯ ಶಕ್ತಿಯಿದೆ ಎಂಬುದು ಅವನ ನಿಲುವು. ಅಮೆರಿಕದಲ್ಲಿ ಕ್ಲಿಯಾಂತ್ ಬ್ರೂಕ್ಸ್ ಮತ್ತು ರಾಬರ್ಟ್ ಪೆನ್ ವಾರೆನ್ 1938ರ ‘ಅಂಡರ್‌ಸ್ಟ್ಯಾಂಡಿಂಗ್ ಪೊಯೆಟ್ರಿ’ಯ ಮೂಲಕ ಈ ಬಗೆಯ ನಿಕಟ ಓದನ್ನು ಕಾಲೇಜುಗಳಿಗೆ ಮುಟ್ಟಿಸಿದರು. ಕವಿ ಏನನ್ನು ಉದ್ದೇಶಿಸಿದ್ದ ಎಂಬುದು ಕವಿತೆಯನ್ನು ಅಳೆಯುವ ಕೋಲಲ್ಲ ಎಂದು ವಿಮ್ಸಟ್ ಮತ್ತು ಬಿಯರ್ಡ್ಸ್‌ಲೀ 1946ರಲ್ಲಿ ವಾದಿಸಿದರು. ಸಾರಾಂಶ ಹೇಳಿಬಿಟ್ಟರೆ ಕವಿತೆಯನ್ನು ಹೇಳಿದಂತೆ ಎಂದುಕೊಳ್ಳುವುದು ಪಾಷಂಡವಾದ ಎಂದು ಬ್ರೂಕ್ಸ್ 1947ರಲ್ಲಿ ಬರೆದ.

ಹೊಸ ವಿಮರ್ಶೆ ಎಂದು ಹೆಸರಾದ ಈ ಪಂಥದ ದೊಡ್ಡ ಕೊಡುಗೆ ಸಮಾನತೆ. ಕವಿಯ ಕಾಗದಪತ್ರ, ದೊಡ್ಡ ಗ್ರಂಥಾಲಯ, ಲ್ಯಾಟಿನ್ ಜ್ಞಾನ ಏನೂ ಇಲ್ಲದವನೂ ಪುಟವೊಂದನ್ನು ಮುಂದಿಟ್ಟುಕೊಂಡು ಮೇಷ್ಟ್ರ ಜೊತೆ ವಾದ ಮಾಡಬಹುದಾಯಿತು. ಕೇಂಬ್ರಿಡ್ಜಿನಲ್ಲಿ ಎಫ್.ಆರ್. ಲೀವಿಸ್ ಬಳಿ ಓದಿ ಬಂದ ಸಿ.ಡಿ. ನರಸಿಂಹಯ್ಯನವರು ಮೈಸೂರಿನಲ್ಲಿ ಹೇಳಿಕೊಟ್ಟದ್ದು ಇಂಥ ಓದನ್ನೇ. 1979ರಲ್ಲಿ ಅವರು ಕಟ್ಟಿದ ಸಂಸ್ಥೆಗೆ ಆನಂದವರ್ಧನನ ಗ್ರಂಥದ ಹೆಸರನ್ನೇ, ‘ಧ್ವನ್ಯಾಲೋಕ’ ಎಂದು ಇಟ್ಟದ್ದು ಕಾಕತಾಳೀಯವಲ್ಲ. ಕನ್ನಡದ ನವ್ಯ ವಿಮರ್ಶೆಯ ಕೃತಿನಿಷ್ಠೆಯ ಬೇರೂ ಈ ಮಣ್ಣಿನಲ್ಲಿದೆ.

ಕೊರತೆಯೂ ಅಲ್ಲೇ ಇತ್ತು. ವ್ಯಂಗ್ಯ, ವಿರೋಧಾಭಾಸ, ದ್ವಂದ್ವಗಳಿರುವ ಕವಿತೆಯೇ ಶ್ರೇಷ್ಠ ಎಂಬ ಗುಪ್ತ ಅಳತೆಗೋಲು ಸೇರಿಕೊಂಡಿತು. ಹಾಡುವ ಪದ್ಯ, ಪ್ರಾರ್ಥಿಸುವ ಪದ್ಯ, ಸಿಟ್ಟಿನಿಂದ ಕೂಗುವ ಪದ್ಯ ಇವುಗಳ ಮುಂದೆ ಈ ವಿಧಾನ ಸೋಲುತ್ತಿತ್ತು. ಪ್ರತಿ ಭಾವಗೀತೆಯಲ್ಲೂ ಒಬ್ಬ ‘ನಿರೂಪಕ’ನನ್ನು ಕಲ್ಪಿಸಿ ಅದನ್ನು ಪುಟ್ಟ ನಾಟಕದಂತೆ ಓದುವ ಅಭ್ಯಾಸ ಎಷ್ಟು ಸರಿ ಎಂದು ಜೊನಾಥನ್ ಕಲ್ಲರ್ 2015ರ ‘ಥಿಯರಿ ಆಫ್ ದಿ ಲಿರಿಕ್’ನಲ್ಲಿ ಪ್ರಶ್ನಿಸಿದ. ಗಾಳಿಯನ್ನೋ ಹಕ್ಕಿಯನ್ನೋ ನೇರವಾಗಿ ಸಂಬೋಧಿಸುವ ಕವಿತೆಯಲ್ಲಿ ಪಾತ್ರಕ್ಕಿಂತ ಆ ಕರೆಯೇ ಮುಖ್ಯ ಎಂಬುದು ಅವನ ಮಾತಿನ ತಿರುಳು. ವಚನ, ಕೀರ್ತನೆ ಕೇಳಿ ಬೆಳೆದವರಿಗೆ ಇದನ್ನು ಒಪ್ಪಲು ತಡವಾಗಲಾರದು.

ಡ್ಯಾಫೊಡಿಲ್ ಹೂವಿನ ಮುಂದೆ ನಾಲ್ಕು ಪ್ರಶ್ನೆಗಳು

ಒಂದೇ ಕವಿತೆಯನ್ನು ಹಿಡಿದು ನೋಡಿದರೆ ಈ ಪಂಥಗಳ ವ್ಯತ್ಯಾಸ ಸ್ಪಷ್ಟವಾಗುತ್ತದೆ. ನಮ್ಮ ಶಾಲಾ ಕಾಲೇಜುಗಳಲ್ಲಿ ತಲೆಮಾರುಗಳಿಂದ ಬಾಯಿಪಾಠವಾಗುತ್ತಾ ಬಂದ, ವರ್ಡ್ಸ್‌ವರ್ತನ ಡ್ಯಾಫೊಡಿಲ್ ಹೂಗಳ ಪದ್ಯವನ್ನೇ ತೆಗೆದುಕೊಳ್ಳೋಣ. ಸರೋವರದ ದಂಡೆಯಲ್ಲಿ ಒಂಟಿಯಾಗಿ ಅಲೆಯುವವನಿಗೆ ಹೂಗಳ ಸಮೂಹ ಕಂಡು, ಮುಂದೆಂದೋ ಮನೆಯಲ್ಲಿ ಮಲಗಿದ್ದಾಗ ಆ ನೋಟ ಮರುಕಳಿಸುತ್ತದೆ. ಇಷ್ಟು ಕತೆ.

ಪುಟದ ಮೇಲಷ್ಟೇ ಕಣ್ಣಿಡುವವನು ಕ್ರಿಯಾಪದಗಳ ಕಾಲವನ್ನು ನೋಡುತ್ತಾನೆ. ಮೊದಲ ಮೂರು ಚರಣಗಳ ಕತೆ ನಡೆಯುವುದು ಭೂತಕಾಲದಲ್ಲಿ. ಕೊನೆಯ ಚರಣ ವರ್ತಮಾನಕ್ಕೆ ಜಿಗಿಯುತ್ತದೆ, ಅದೂ ಮತ್ತೆ ಮತ್ತೆ ಆಗುವುದನ್ನು ಹೇಳುವ ವರ್ತಮಾನಕ್ಕೆ. ಹೂಗಳನ್ನು ಕಂಡ ಪದ್ಯವೆಂದು ನಾವು ಕರೆಯುವುದು ಅಸಲಿಗೆ ನೆನಪು ಕೆಲಸ ಮಾಡುವ ಬಗೆಯ ಪದ್ಯ ಎಂಬುದು ವ್ಯಾಕರಣದಿಂದಲೇ ಹೊರಡುತ್ತದೆ. ಕುಣಿತವನ್ನು ಸೂಚಿಸುವ ಪದ ಪ್ರತಿ ಚರಣದಲ್ಲೂ ಬರುತ್ತದೆ, ಆದರೆ ಕುಣಿಯುವವರು ಬದಲಾಗುತ್ತಾರೆ: ಮೊದಲು ಹೂವು, ನಡುವೆ ಅಲೆ, ಕಡೆಗೆ ಮನುಷ್ಯನ ಹೃದಯ. ಇದನ್ನು ಕಾಣಲು ಯಾವ ಗೈಡೂ ಬೇಡ, ಪೆನ್ಸಿಲ್ ಸಾಕು.

ಪಠ್ಯದ ಚರಿತ್ರೆ ಹುಡುಕುವವನು ಎರಡನೆಯ ಪ್ರಶ್ನೆ ಕೇಳುತ್ತಾನೆ: ಈ ಪದ್ಯ ಇದೇ ರೂಪದಲ್ಲಿ ಹುಟ್ಟಿತೇ? ಇಲ್ಲ. 1804ರಲ್ಲಿ ಬರೆದು 1807ರಲ್ಲಿ ಅಚ್ಚಾದಾಗ ಇದರಲ್ಲಿ ಮೂರೇ ಚರಣಗಳಿದ್ದವು. ನಕ್ಷತ್ರಗಳ ಹೋಲಿಕೆಯಿರುವ ಎರಡನೆಯ ಚರಣ ಸೇರಿದ್ದು 1815ರಲ್ಲಿ. ಮೊದಲ ಚರಣದಲ್ಲಿ ಹೂಗಳಿಗಿದ್ದ ‘ಕುಣಿಯುವ’ ಎಂಬ ವಿಶೇಷಣವನ್ನು ತೆಗೆದು ‘ಹೊಂಬಣ್ಣದ’ ಎಂದು ಹಾಕಿದ್ದೂ ಆಗಲೇ. ಹಾಡು ಹುಟ್ಟಿತು ಎನ್ನುವಷ್ಟು ಸಲೀಸಾಗಿ ಕಾಣುವ ಪದ್ಯದ ಹಿಂದೆ ಹತ್ತು ವರ್ಷಗಳ ತಿದ್ದುಪಡಿಯಿದೆ.

ಸ್ತ್ರೀವಾದಿ ಓದುಗಳ ಪ್ರಶ್ನೆ ಇನ್ನೂ ಚುರುಕು: ಕವಿ ನಿಜಕ್ಕೂ ಒಂಟಿಯಾಗಿದ್ದನೇ? 1802ರ ಏಪ್ರಿಲ್ 15ರಂದು ಅಲ್ಸ್‌ವಾಟರ್ ದಂಡೆಯಲ್ಲಿ ಜೊತೆಗಿದ್ದವಳು ತಂಗಿ ಡೊರೊಥಿ. ಹೂಗಳು ಗಾಳಿಯೊಂದಿಗೆ ನಗುತ್ತಾ ಕುಣಿದವು, ಕೆಲವು ದಣಿದು ಕಲ್ಲುಗಳ ಮೇಲೆ ತಲೆಯಿಟ್ಟು ಮಲಗಿದವು ಎಂದು ತನ್ನ ದಿನಚರಿಯಲ್ಲಿ ಎರಡು ವರ್ಷ ಮೊದಲೇ ಬರೆದಿಟ್ಟವಳು ಅವಳೇ. ಕೊನೆಯ ಚರಣದ ಎರಡು ಉತ್ತಮ ಸಾಲುಗಳು ಹೆಂಡತಿ ಮೇರಿಯವು ಎಂದು ಕವಿಯೇ ಒಪ್ಪಿಕೊಂಡಿದ್ದಾನೆ. ಇಬ್ಬರು ಹೆಂಗಸರ ಕಣ್ಣು ಮತ್ತು ಮಾತು ಸೇರಿದ ಪದ್ಯ ‘ನಾನು ಒಬ್ಬನೇ’ ಎಂದು ಶುರುವಾಗುತ್ತದೆ. ಇದನ್ನು ಕಳ್ಳತನವೆಂದು ಕೂಗಬೇಕಿಲ್ಲ. ಆದರೆ ರಮ್ಯ ಕಾವ್ಯಕ್ಕೆ ಏಕಾಂತದ ಕವಿಯೊಬ್ಬ ಏಕೆ ಬೇಕಾಗಿದ್ದ ಎಂದು ಕೇಳಲು ಇದಕ್ಕಿಂತ ಒಳ್ಳೆಯ ಜಾಗ ಸಿಗದು.

ನಾಲ್ಕನೆಯದು ವಸಾಹತುಗಳಿಂದ ಬಂದ ಪ್ರಶ್ನೆ. ಜಮೈಕಾ ಕಿಂಕೇಡಳ 1990ರ ಕಾದಂಬರಿ ‘ಲೂಸಿ’ಯ ನಾಯಕಿ ಕೆರಿಬಿಯನ್ ದ್ವೀಪದವಳು. ಎಂದೂ ನೋಡಿರದ ಹೂವಿನ ಪದ್ಯವನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿ ಒಪ್ಪಿಸಿ ಚಪ್ಪಾಳೆ ಗಿಟ್ಟಿಸಿದವಳಿಗೆ, ಅಮೆರಿಕದಲ್ಲಿ ನಿಜವಾದ ಡ್ಯಾಫೊಡಿಲ್‌ಗಳನ್ನು ಕಂಡಾಗ ಹುಟ್ಟುವುದು ಅವನ್ನು ಕತ್ತರಿಸಿ ಹಾಕುವ ಸಿಟ್ಟು. ಅಸಂಖ್ಯ ಭಾರತೀಯ ಮಕ್ಕಳೂ ಇದೇ ಹೂವನ್ನು ಕಾಣದೆಯೇ ಪದ್ಯ ಒಪ್ಪಿಸಿದ್ದಾರೆ. ಕವಿತೆಯ ಅರ್ಥದಲ್ಲಿ ಅದನ್ನು ಯಾರು ಯಾರಿಗೆ ಕಲಿಸಿದರು ಎಂಬುದೂ ಸೇರುತ್ತದೆ.

ಈ ನಾಲ್ಕು ಓದುಗಳು ಒಂದನ್ನೊಂದು ರದ್ದು ಮಾಡುವುದಿಲ್ಲ. ಆದರೆ ಎಲ್ಲವೂ ಪದ್ಯದ ಯಾವುದೋ ಒಂದು ಪದಕ್ಕೆ ಕಟ್ಟಿಕೊಂಡಿವೆ: ಕ್ರಿಯಾಪದದ ಕಾಲ, ಬದಲಾದ ವಿಶೇಷಣ, ‘ಒಂಟಿ’ ಎಂಬ ಮಾತು, ಹೂವಿನ ಹೆಸರು. ಹಾಗೆ ಕಟ್ಟಿಕೊಳ್ಳದ ಓದು ಕವಿತೆಯ ಬಗ್ಗೆ ಏನನ್ನೂ ಹೇಳುವುದಿಲ್ಲ, ಸಿದ್ಧಾಂತದ ಬಗ್ಗೆ ಮಾತ್ರ ಹೇಳುತ್ತದೆ.

ಕರಿಹಲಗೆಯ ಮೇಲಿನ ಹೆಸರುಗಳು

ಹಾಗಾದರೆ ಅರ್ಥ ಪದಗಳಲ್ಲೇ ಕೂತಿದೆಯೇ? ಇಲ್ಲವೆಂದು ತೋರಿಸಲು ಸ್ಟ್ಯಾನ್ಲಿ ಫಿಶ್ ಒಂದು ಪ್ರಸಂಗ ಹೇಳುತ್ತಾನೆ. 1971ರ ಬೇಸಿಗೆಯಲ್ಲಿ ಅವನು ಅಮೆರಿಕದ ಬಫಲೋದಲ್ಲಿ ಒಂದೇ ಕೋಣೆಯಲ್ಲಿ ಎರಡು ಪಾಠ ಮಾಡುತ್ತಿದ್ದ. ಮೊದಲ ತರಗತಿಗಾಗಿ ಹಲಗೆಯ ಮೇಲೆ ಕೆಲವು ಭಾಷಾವಿಜ್ಞಾನಿಗಳ ಹೆಸರುಗಳನ್ನು ಒಂದರ ಕೆಳಗೊಂದು ಬರೆದಿದ್ದ. ಎರಡನೆಯ ತರಗತಿಯವರು ಹದಿನೇಳನೆಯ ಶತಮಾನದ ಭಕ್ತಿಕಾವ್ಯ ಓದುತ್ತಿದ್ದವರು. ಫಿಶ್ ಆ ಹೆಸರುಗಳ ಸುತ್ತ ಚೌಕಟ್ಟು ಎಳೆದು, ಮೇಲೊಂದು ಪುಟಸಂಖ್ಯೆ ಹಾಕಿ, ಇದೊಂದು ಧಾರ್ಮಿಕ ಕವಿತೆ, ಅರ್ಥ ಹೇಳಿ ಎಂದ. ಅವರು ಹೇಳಿಯೂ ಬಿಟ್ಟರು. ಜೇಕಬ್ಸ್ ಎಂಬ ಹೆಸರಿನಲ್ಲಿ ಬೈಬಲಿನ ಯಾಕೋಬನ ಏಣಿ ಕಂಡಿತು, ರೋಸೆನ್‌ಬಾಮ್‌ನಲ್ಲಿ ಗುಲಾಬಿಯ ಮರ ಮತ್ತು ಮೇರಿಮಾತೆ, ಥಾರ್ನ್‌ನಲ್ಲಿ ಮುಳ್ಳಿನ ಕಿರೀಟ.

ಕವಿತೆ ಎಂಬ ಹಣೆಪಟ್ಟಿ ಹಚ್ಚಿದರೆ ಓದುಗರ ಸಮುದಾಯ ಅಲ್ಲಿ ಕವಿತೆಯನ್ನೇ ಕಾಣುತ್ತದೆ, ಅರ್ಥವನ್ನು ಹುಟ್ಟಿಸುವವರು ಅವರೇ ಎಂಬುದು ಫಿಶ್‌ನ ತೀರ್ಮಾನ. 1980ರ ‘ಈಸ್ ದೇರ್ ಎ ಟೆಕ್ಸ್ಟ್ ಇನ್ ದಿಸ್ ಕ್ಲಾಸ್?’ನಲ್ಲಿ ಇದು ವಿಸ್ತಾರವಾಗಿದೆ. ಆದರೆ ಈ ಪ್ರಸಂಗಕ್ಕೆ ಇನ್ನೊಂದು ಮುಖವಿದೆ. ಆ ವಿದ್ಯಾರ್ಥಿಗಳು ಮನಸ್ಸಿಗೆ ಬಂದದ್ದನ್ನು ಹೇಳಲಿಲ್ಲ. ಗುಲಾಬಿ, ಏಣಿ, ಮುಳ್ಳುಗಳಿಗೆ ಭಕ್ತಿಕಾವ್ಯದಲ್ಲಿರುವ ಅರ್ಥಗಳನ್ನು ತಿಂಗಳುಗಟ್ಟಲೆ ಕಲಿತಿದ್ದರಿಂದಲೇ ಅವು ಕಂಡವು. ನಮ್ಮೂರಿನ ವಿದ್ಯಾರ್ಥಿಗೆ ಮಿಲ್ಟನ್ ಎಲ್ಲಿ ಕಷ್ಟವಾಗುತ್ತಾನೆಂಬುದು ಇಲ್ಲಿ ತಿಳಿಯುತ್ತದೆ. ಅವನಿಗೆ ಕೊರತೆಯಿರುವುದು ಬೈಬಲ್ ಮತ್ತು ಗ್ರೀಕ್ ಪುರಾಣಗಳ ಪರಿಚಯದಲ್ಲಿ. ಪಂಪನ ಅರಿಕೇಸರಿಯನ್ನು ಓದಲು ಮಹಾಭಾರತ ಗೊತ್ತಿರಬೇಕಾದಂತೆಯೇ ಇದೂ. ಬೈಬಲಿನ ಮೊದಲ ಪುಸ್ತಕ, ಸುವಾರ್ತೆಗಳು, ಒವಿಡ್‌ನ ಕತೆಗಳನ್ನು ಒಂದು ಬೇಸಿಗೆ ರಜೆಯಲ್ಲಿ ಓದಿಕೊಂಡರೆ ಆಗುವ ಲಾಭ ಹತ್ತು ಸೈದ್ಧಾಂತಿಕ ಪುಸ್ತಕಗಳಿಂದ ಆಗುವುದಿಲ್ಲ.

ಇಲ್ಲದ್ದನ್ನು ಓದುವುದು

1980ರ ದಶಕದಲ್ಲಿ ಚರಿತ್ರೆ ಮರಳಿ ಬಂತು. ಮಾರ್ಜರಿ ಲೆವಿನ್ಸನ್ 1986ರಲ್ಲಿ ವರ್ಡ್ಸ್‌ವರ್ತನ ಟಿಂಟರ್ನ್ ಅಬ್ಬೆಯ ಪದ್ಯವನ್ನು ಹೊಸದಾಗಿ ಓದಿದಳು. ವೈ ನದಿಯ ಆ ಕಣಿವೆಯಲ್ಲಿ ಆಗ ಕಬ್ಬಿಣದ ಕುಲುಮೆಗಳಿದ್ದವು. ಪಾಳುಬಿದ್ದ ಮಠದ ಆಸುಪಾಸಿನಲ್ಲಿ ಭಿಕ್ಷುಕರು ಬೀಡುಬಿಟ್ಟಿದ್ದನ್ನು ವಿಲಿಯಂ ಗಿಲ್ಪಿನ್ 1782ರ ಪ್ರವಾಸಪುಸ್ತಕದಲ್ಲೇ ದಾಖಲಿಸಿದ್ದ. ಶೀರ್ಷಿಕೆಯಲ್ಲಿ ಕವಿ ಕೊಟ್ಟಿರುವ ದಿನಾಂಕ 1798ರ ಜುಲೈ 13. ಫ್ರೆಂಚ್ ಕ್ರಾಂತಿಯ ಬಾಸ್ಟಿಲ್ ದಿನದ ಹಿಂದಿನ ದಿನ. ಪದ್ಯದೊಳಗೆ ಮಾತ್ರ ಪ್ರಕೃತಿ, ನೆನಪು, ಶಾಂತಿ. ಕವಿತೆ ಏನನ್ನು ಮರೆಮಾಡಿತು ಎಂಬುದೇ ಅವಳ ಪ್ರಶ್ನೆ.

ಇದಕ್ಕೆ ಹಳೆಯ ತಲೆಮಾರಿನ ವಿದ್ವಾಂಸರು ಸಿಟ್ಟಾದರು. ಹೇಳದ್ದಕ್ಕೆಲ್ಲ ಕವಿತೆಯನ್ನು ಹೊಣೆ ಮಾಡಿದರೆ ಅದಕ್ಕೆ ಕೊನೆಯೆಲ್ಲಿ ಎಂಬ ಆಕ್ಷೇಪದಲ್ಲಿ ಹುರುಳಿದೆ. ಲೆವಿನ್ಸನ್‌ಳ ವಾದ ನಿಲ್ಲುವುದು ಪದ್ಯದಲ್ಲೇ ಸುಳಿವುಗಳಿರುವುದರಿಂದ: ಮರಗಳ ನಡುವಿನಿಂದೇಳುವ ಹೊಗೆ, ಮನೆಯಿಲ್ಲದೆ ಅಲೆಯುವವರ ಒಂದು ಹಾಯುನೋಟ, ಶೀರ್ಷಿಕೆಯ ದಿನಾಂಕ. ಅವಳನ್ನು ಅನುಕರಿಸುವ ಪ್ರಬಂಧಗಳಲ್ಲಿ ಸಾಮಾನ್ಯವಾಗಿ ಈ ಸುಳಿವುಗಳೇ ಕಾಣೆಯಾಗಿರುತ್ತವೆ.

ಪುಟವೇ ನಂಬಲರ್ಹವಲ್ಲದಾಗ ಏನು ಮಾಡಬೇಕೆಂಬುದಕ್ಕೆ ಎಮಿಲಿ ಡಿಕಿನ್ಸನ್ ನಿದರ್ಶನ. ಸುಮಾರು 1800 ಕವಿತೆ ಬರೆದ ಅವಳು 1886ರಲ್ಲಿ ತೀರಿಕೊಂಡಾಗ ಅಚ್ಚಾಗಿದ್ದವು ಹತ್ತರ ಆಸುಪಾಸು. 1890ರಲ್ಲಿ ಮೊದಲ ಸಂಕಲನ ತಂದವರು ಅವಳ ಉದ್ದುದ್ದ ಗೆರೆಗಳನ್ನು ತೆಗೆದು ಅಲ್ಪವಿರಾಮ ಹಾಕಿದರು, ಪ್ರಾಸ ಸರಿಪಡಿಸಿದರು, ತಲೆಬರಹ ಕೊಟ್ಟರು. ಥಾಮಸ್ ಜಾನ್ಸನ್ ಹಸ್ತಪ್ರತಿಗಳಿಗೆ ಮರಳಿ ಆ ಗೆರೆಗಳನ್ನು ಹಿಂತಿರುಗಿಸಿದ್ದು 1955ರಲ್ಲಿ. ಅಲ್ಲಿಯವರೆಗಿನ ಓದುಗರು ವಿಶ್ಲೇಷಿಸಿದ್ದು ಯಾರ ಕವಿತೆಯನ್ನು? ಯಾವ ಆವೃತ್ತಿ ಕೈಯಲ್ಲಿದೆ ಎಂದು ನೋಡದೆ ವಿರಾಮಚಿಹ್ನೆಯ ಬಗ್ಗೆ ಒಂದು ಪುಟ ಬರೆಯುವವರು ಇಂದಿಗೂ ಇದ್ದಾರೆ.

ಕಿವಿಯ ಕೆಲಸ

ಇಂಗ್ಲಿಷನ್ನು ಕಲಿತು ಓದುವವನು ನಿಜಕ್ಕೂ ಹಿಂದೆ ಬೀಳುವ ಜಾಗ ಒಂದಿದೆ: ನಾದ. ಕನ್ನಡ ಶಾಲೆಯಲ್ಲಿ ಕಲಿತವರೆಲ್ಲ ಷಟ್ಪದಿಗೆ ಪ್ರಸ್ತಾರ ಹಾಕಿ ಗಣ ವಿಂಗಡಿಸಿದವರೇ. ಅಲ್ಲಿ ಯಾವುದು ಲಘು, ಯಾವುದು ಗುರು ಎಂಬುದು ಬರಹದಲ್ಲೇ ಕಾಣುತ್ತದೆ. ದೀರ್ಘವಿದ್ದರೆ, ಮುಂದೆ ಒತ್ತಕ್ಷರವಿದ್ದರೆ ಗುರು. ಇಂಗ್ಲಿಷ್ ಛಂದಸ್ಸಿನ ಪಾಠದಲ್ಲಿ ಅದೇ ಚಿಹ್ನೆಗಳನ್ನು ಕಂಡ ವಿದ್ಯಾರ್ಥಿ ಇದೂ ಅದೇ ಎಂದುಕೊಳ್ಳುತ್ತಾನೆ. ಆದರೆ ಇಂಗ್ಲಿಷಿನದು ಉಚ್ಚಾರಣೆಯ ಒತ್ತು. ‘ಪ್ರೆಸೆಂಟ್’ ಎಂಬುದು ಉಡುಗೊರೆಯಾದರೆ ಒತ್ತು ಮೊದಲ ಭಾಗದ ಮೇಲೆ. ಒಪ್ಪಿಸು ಎಂಬ ಕ್ರಿಯಾಪದವಾದರೆ ಎರಡನೆಯದರ ಮೇಲೆ. ಕಾಗುಣಿತ ಒಂದೇ, ಹಾಳೆಯ ಮೇಲೆ ಗುರುತೇ ಇಲ್ಲ. ಕಿವಿಯಿಂದ ಬಂದರೆ ಬಂತು, ಇಲ್ಲದಿದ್ದರೆ ನಿಘಂಟು ನೋಡಬೇಕು.

ಹೀಗಾಗಿ ‘ಅಯಾಂಬಿಕ್ ಪೆಂಟಾಮೀಟರ್’ ಎಂದು ಬರೆದು ಅಂಕ ಪಡೆದವರಲ್ಲಿ ಆ ಐದು ಒತ್ತುಗಳನ್ನು ಮೇಜಿನ ಮೇಲೆ ತಟ್ಟಿ ತೋರಿಸಬಲ್ಲವರು ಕಡಿಮೆ. ಹೆಸರು ಗೊತ್ತಿದ್ದು ಏನೂ ಪ್ರಯೋಜನವಿಲ್ಲ. ಆ ನಡೆ ಎಲ್ಲಿ ಮುರಿಯುತ್ತದೆ, ಮುರಿದ ಕಡೆ ಏನು ಹೇಳುತ್ತಿದೆ ಎಂದು ಕೇಳಿಸಿಕೊಂಡಾಗಲೇ ಛಂದಸ್ಸು ಅರ್ಥಕ್ಕೆ ಸೇರುವುದು. ಡೆರೆಕ್ ಆಟ್ರಿಡ್ಜ್ 1982ರ ಪುಸ್ತಕದಲ್ಲಿ ಗ್ರೀಕ್ ಮೂಲದ ಗಣಗಳ ಹೆಸರುಗಳನ್ನು ಬದಿಗಿಟ್ಟು ತಾಳದ ಪೆಟ್ಟುಗಳಿಂದ ಇಂಗ್ಲಿಷ್ ಲಯವನ್ನು ವಿವರಿಸಿದ. ಶಿಶುಗೀತೆಗಳ ನಾಲ್ಕು ಪೆಟ್ಟಿನ ನಡೆಯಿಂದ ಶುರುಮಾಡುವ ಆ ದಾರಿ ನಮ್ಮ ವಿದ್ಯಾರ್ಥಿಗಳಿಗೆ ಹೆಚ್ಚು ಒಗ್ಗುತ್ತದೆ. ಬಿ.ಎಂ.ಶ್ರೀ. ಇಂಗ್ಲಿಷ್ ಒತ್ತನ್ನು ಕನ್ನಡಕ್ಕೆ ಎಳೆದು ತರಲು ಹೋಗಲಿಲ್ಲ. ಮಾತ್ರಾಗಣಗಳನ್ನೇ ಹೊಸದಾಗಿ ಜೋಡಿಸಿ ಕನ್ನಡದ ಲಯ ಕಟ್ಟಿದರು. ಎರಡರ ವ್ಯತ್ಯಾಸ ಕೇಳಿಸದ ಕಿವಿಗೆ ಅದು ಸಾಧ್ಯವಿರಲಿಲ್ಲ.

ನಮ್ಮ ಕೋಣೆಯಲ್ಲಿ

ನಮ್ಮ ವಿಶ್ವವಿದ್ಯಾಲಯಗಳ ಪಠ್ಯಕ್ರಮ ಬದಲಾಗಿದೆ. ನಿಸಿಂ ಎಜಕಿಯೆಲ್, ಕಮಲಾ ದಾಸ್, ಅರುಣ್ ಕೊಲಟ್ಕರ್ ಬಂದಿದ್ದಾರೆ. ಎ.ಕೆ. ರಾಮಾನುಜನ್ 1973ರಲ್ಲಿ ಪ್ರಕಟಿಸಿದ ‘ಸ್ಪೀಕಿಂಗ್ ಆಫ್ ಶಿವ’ದ ಮೂಲಕ ಬಸವಣ್ಣ, ಅಲ್ಲಮ, ಅಕ್ಕ ಇಂಗ್ಲಿಷ್ ವಿಭಾಗವನ್ನು ಹೊಕ್ಕಿದ್ದಾರೆ. ಕನ್ನಡ ಬಲ್ಲ ವಿದ್ಯಾರ್ಥಿಗೆ ಇದು ಅಪರೂಪದ ಅವಕಾಶ. ರಾಮಾನುಜನ್‌ರ ಅನುವಾದ ವಚನಗಳನ್ನು ಆಧುನಿಕ ಇಂಗ್ಲಿಷ್ ಕವಿತೆಯ ರುಚಿಗೆ ಹೊಂದಿಸಿತು ಎಂದು ತೇಜಸ್ವಿನಿ ನಿರಂಜನ 1992ರಲ್ಲಿ ಅಲ್ಲಮನ ವಚನವೊಂದನ್ನು ಮುಂದಿಟ್ಟು ವಾದಿಸಿ, ತಮ್ಮದೇ ಅನುವಾದವನ್ನೂ ಕೊಟ್ಟರು. ಮೂಲ, ಎರಡು ಅನುವಾದ, ನಡುವಿನ ವಾದ ಇಷ್ಟನ್ನೂ ಮೇಜಿನ ಮೇಲೆ ಹರಡಿಕೊಂಡು ತೀರ್ಪು ಹೇಳುವ ಅರ್ಹತೆ ಹಾರ್ವರ್ಡಿನ ಬಹುತೇಕ ವಿದ್ಯಾರ್ಥಿಗಳಿಗಿಲ್ಲ, ಕಲಬುರಗಿಯವರಿಗಿದೆ. ಆದರೂ ಈ ವಚನಗಳನ್ನು ಇಂಗ್ಲಿಷ್ ಗೈಡಿನ ಸಾರಾಂಶದಲ್ಲಿ ಓದುವ ಕನ್ನಡಿಗರಿದ್ದಾರೆ.

ಪಠ್ಯ ಬದಲಾದರೂ ಪರೀಕ್ಷೆ ಬದಲಾಗಿಲ್ಲ. ಪದವಿಯಲ್ಲಿ ನಿಗದಿತ ಪದ್ಯಗಳ ಮೇಲೆ ನಿರೀಕ್ಷಿತ ಪ್ರಶ್ನೆಗಳು; ಸಂದರ್ಭಸಹಿತ ವಿವರಿಸಿ ಎಂದರೆ ಕವಿಯ ಹೆಸರು, ಪದ್ಯದ ಹೆಸರು, ಹಿಂದೆಮುಂದಿನ ಕತೆ. ಮುಂದೆ ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ಎನ್‌ಇಟಿ ಬರೆಯಲು ಹೋದರೆ ಸಾಹಿತ್ಯದ ಪತ್ರಿಕೆಯ ನೂರೂ ಪ್ರಶ್ನೆಗಳು ಬಹು ಆಯ್ಕೆಯವು. ಅಲ್ಲಿ ಎಂಪ್ಸನ್ ಎಂದರೆ ಏಳು ಎಂಬ ಸಂಖ್ಯೆ, ರಿಚರ್ಡ್ಸ್ ಎಂದರೆ 1929. ರಿಚರ್ಡ್ಸ್ ಯಾವ ಊರುಗೋಲನ್ನು ಕಿತ್ತುಕೊಂಡನೋ ಅವನ ಹೆಸರೇ ಈಗ ಅಂಥ ಊರುಗೋಲು.

ಮತ್ತೆ ಹೆಸರು ಅಳಿಸಿದ ಕವಿತೆಗಳು

ಈ ಚರ್ಚೆಗೆ ಈಗ ಯಂತ್ರವೂ ಸೇರಿಕೊಂಡಿದೆ. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಬ್ರಯಾನ್ ಪೋರ್ಟರ್ ಮತ್ತು ಎಡ್ವರ್ಡ್ ಮಶೆರಿ 2024ರಲ್ಲಿ ‘ಸೈಂಟಿಫಿಕ್ ರಿಪೋರ್ಟ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಸರಾಂತ ಹತ್ತು ಇಂಗ್ಲಿಷ್ ಕವಿಗಳ ಪದ್ಯಗಳನ್ನೂ ಅವರ ಶೈಲಿಯಲ್ಲಿ ಚಾಟ್‌ಜಿಪಿಟಿ ಹೊಸೆದ ಪದ್ಯಗಳನ್ನೂ ಬೆರೆಸಿ ಸಾಮಾನ್ಯ ಓದುಗರ ಮುಂದಿಟ್ಟರು. ಯಾವುದು ಮನುಷ್ಯನದು, ಯಾವುದು ಯಂತ್ರದ್ದು ಎಂದು ಗುರುತಿಸುವುದರಲ್ಲಿ ಓದುಗರು ನಾಣ್ಯ ಚಿಮ್ಮಿದಷ್ಟೂ ಯಶಸ್ವಿಯಾಗಲಿಲ್ಲ. ಅಷ್ಟೇ ಅಲ್ಲ, ಯಂತ್ರದ ಪದ್ಯಗಳಿಗೇ ಹೆಚ್ಚು ಅಂಕ ಕೊಟ್ಟರು. ಸಂಶೋಧಕರ ಊಹೆ ಇದು: ಯಂತ್ರದ ಪದ್ಯ ಹೇಳಬೇಕಾದ್ದನ್ನು ನೇರವಾಗಿ, ಸಲೀಸಾಗಿ ಹೇಳುತ್ತದೆ, ಮನುಷ್ಯನ ಪದ್ಯದ ತೊಡಕನ್ನು ಓದುಗರು ಅಸಂಬದ್ಧತೆ ಎಂದು ಭಾವಿಸಿದರು.

ರಿಚರ್ಡ್ಸ್‌ನ ಪ್ರಯೋಗ ಸುಮಾರು ನೂರು ವರ್ಷಗಳ ಮೇಲೆ ಬೇರೆ ವೇಷದಲ್ಲಿ ನಡೆದಂತಾಯಿತು. ಎರಡೂ ಸಲ ಓದುಗರು ಸಿದ್ಧ ಪ್ರತಿಕ್ರಿಯೆಗೆ ಹೊಂದುವುದನ್ನು ಮೆಚ್ಚಿದರು, ನಿಧಾನಿಸಬೇಕಾದ ಕಡೆ ಕೈಚೆಲ್ಲಿದರು. ಸಾರಾಂಶ, ಭಾವಾರ್ಥ, ಪಂಥವಾರು ಟಿಪ್ಪಣಿ ಇವನ್ನೆಲ್ಲ ಯಂತ್ರ ಗೈಡುಗಳಿಗಿಂತ ಚೊಕ್ಕವಾಗಿ ಬರೆದುಕೊಡುತ್ತದೆ. ಹಾಗಿದ್ದ ಮೇಲೆ ಅವನ್ನೇ ಕೇಳುವ ಪರೀಕ್ಷೆ ಅಳೆಯುವುದಾದರೂ ಏನನ್ನು?

ಹಾಗಾದರೆ ಮಾಡಬೇಕಾದ್ದು

ಈ ತಕರಾರುಗಳಿಂದ ವಿದ್ಯಾರ್ಥಿ ತೆಗೆದುಕೊಳ್ಳಬಹುದಾದ್ದು ಒಂದು ಪಂಥವನ್ನಲ್ಲ, ಕೆಲಸದ ಒಂದು ಕ್ರಮವನ್ನು. ಪದ್ಯವನ್ನು ಮೊದಲು ಗಟ್ಟಿಯಾಗಿ ಎರಡು ಸಲ ಓದುವುದು. ಆಮೇಲೆ ವಾಕ್ಯ ಬಿಡಿಸುವುದು: ಸಾಲು ಮುಗಿದಲ್ಲಿ ವಾಕ್ಯ ಮುಗಿಯಿತೇ, ಕರ್ತೃ ಯಾರು, ಕಾಲ ಯಾವುದು. ಮಾತಾಡುವವರು ಯಾರು, ಯಾರಿಗೆ ಎಂದು ಕೇಳುವುದು. ತಿರುವು ಎಲ್ಲಿದೆ ಎಂದು ಗುರುತಿಸುವುದು. ಮರುಕಳಿಸುವ ಪದಕ್ಕೆ, ಅನಿರೀಕ್ಷಿತವಾದ ಪದಕ್ಕೆ, ಲಯ ಮುಗ್ಗರಿಸಿದ ಜಾಗಕ್ಕೆ ಗೆರೆ ಎಳೆಯುವುದು. ಅರ್ಥವಾಗದ ಸಾಲನ್ನು ಹಾರಿಸಿ ಹೋಗದೆ ಅಂಚಿನಲ್ಲಿ ಪ್ರಶ್ನೆಯಾಗಿ ಬರೆಯುವುದು. ಇಷ್ಟಾದ ಮೇಲೆ ಕವಿಯ ಕಾಲ, ಲಿಂಗ, ವರ್ಗ, ಸಾಮ್ರಾಜ್ಯ, ಆವೃತ್ತಿ ಎಲ್ಲವೂ ಬರಲಿ. ಬಂದ ಪ್ರತಿಯೊಂದೂ ಅಂಚಿನ ಯಾವುದಾದರೂ ಪ್ರಶ್ನೆಗೆ ಉತ್ತರ ಕೊಡಲಿ. ಕೊಡದಿದ್ದರೆ ಅದು ಈ ಪದ್ಯಕ್ಕೆ ಸಂಬಂಧಿಸಿದ್ದಲ್ಲ. ವಿಮರ್ಶಕರನ್ನು ಓದುವುದು ಎಲ್ಲಕ್ಕಿಂತ ಕೊನೆಗೆ, ಅದೂ ವಾದ ಮಾಡಲು.

ವಿಭಾಗಗಳು ಮಾಡಬಹುದಾದ ಕೆಲಸ ಇನ್ನೂ ಸುಲಭ. ಪ್ರತಿ ಸೆಮಿಸ್ಟರಿನ ಪ್ರಶ್ನೆಪತ್ರಿಕೆಯಲ್ಲಿ ವಿದ್ಯಾರ್ಥಿ ಹಿಂದೆಂದೂ ನೋಡಿರದ, ಕವಿಯ ಹೆಸರಿಲ್ಲದ ಒಂದು ಪದ್ಯ ಇರಲಿ. ಅದಕ್ಕೆ ಕಾಲುಭಾಗ ಅಂಕ ಮೀಸಲಿರಲಿ. ನಿಘಂಟು ಬಳಸಲು ಬಿಡಿ. ‘ಹೀಗೆಂದು ಯಾವ ಪದದ ಆಧಾರದ ಮೇಲೆ ಹೇಳುತ್ತೀರಿ?’ ಎಂಬುದೊಂದನ್ನೇ ಕೇಳಿ ಮೌಲ್ಯಮಾಪನ ಮಾಡಿ. ಇದಕ್ಕೆ ಹೊಸ ಪಠ್ಯಪುಸ್ತಕ ಬೇಡ, ಅನುದಾನ ಬೇಡ. ಮೊದಲ ವರ್ಷ ಫಲಿತಾಂಶ ಕುಸಿದೀತು. ಎರಡನೆಯ ವರ್ಷ ಗೈಡು ಮಾರುವವರಿಗೆ ನಷ್ಟವಾಗುತ್ತದೆ. ಮೂರನೆಯ ವರ್ಷದ ಹೊತ್ತಿಗೆ, ತಮ್ಮ ಇಂಗ್ಲಿಷ್ ಅಷ್ಟಕ್ಕಷ್ಟೇ ಎಂದು ಹಿಂದಿನ ಬೆಂಚಿನಲ್ಲಿ ಕೂತಿದ್ದವರಲ್ಲಿ ಕೆಲವರಾದರೂ ಮೇಷ್ಟ್ರು ಗಮನಿಸದ ಪದವೊಂದನ್ನು ತೋರಿಸಿ ವಾದಕ್ಕೆ ನಿಲ್ಲುತ್ತಾರೆ.